ಸ್ವಿಚ್ ಅಲ್ಲ ಕಣ್ರೀ, ನ್ಯೂಕ್ಲಿಯಸ್ ಒಳಗೆ ನಡೆಯೋದೇ ಬೇರೆ

ಡಿಸ್ಟ್ರೋಫಿನ್ ಅಂತ ಒಂದು ಜೀನ್ ಇದೆ, ನಮ್ಮ ಎಕ್ಸ್ ಕ್ರೋಮೋಸೋಮ್ ಮೇಲೆ. ಮಾಂಸಖಂಡ ಹರಿದು ಹೋಗದೆ ಗಟ್ಟಿಯಾಗಿರೋಕೆ ಬೇಕಾದ ಪ್ರೋಟೀನ್ ಇದರಿಂದ ಬರತ್ತೆ, ಇದು ಕೆಟ್ಟರೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನೋ ಕಾಯಿಲೆ, ಹೆಚ್ಚಾಗಿ ಗಂಡುಮಕ್ಕಳಿಗೆ. ಈ ಜೀನ್ ಉದ್ದ ಸುಮಾರು 22 ಲಕ್ಷ ಅಕ್ಷರ, ಅಂದ್ರೆ ಜೀನ್ ಬರೆದಿರೋ ರಾಸಾಯನಿಕ ಅಕ್ಷರಗಳು. ಇದನ್ನ ಶುರುವಿಂದ ಕೊನೆವರೆಗೆ ಒಂದು ಸಲ ಓದಿ ಅದರ ನಕಲು ಪ್ರತಿ, ಅಂದ್ರೆ ಆರ್‌ಎನ್‌ಎ ಮಾಡೋಕೆ ಹಿಡಿಯೋ ಟೈಮ್ ಎಷ್ಟು ಗೊತ್ತಾ? ಹತ್ತಿರ ಹತ್ತಿರ 16 ಗಂಟೆ. ಅಷ್ಟು ಕಷ್ಟಪಟ್ಟು ಓದಿದ್ಮೇಲೆ ಅದರಲ್ಲಿ 99 ಪರ್ಸೆಂಟ್‌ಗಿಂತ ಜಾಸ್ತಿ ಭಾಗವನ್ನ ಸೆಲ್ ಕತ್ತರಿಸಿ ಬಿಸಾಕಿಬಿಡತ್ತೆ, ಉಳಿಯೋದು 79 ತುಂಡು ಸೇರಿಸಿದ 14 ಸಾವಿರ ಅಕ್ಷರ ಅಷ್ಟೇ.

ಈಗ ಹೇಳಿ, "ಜೀನ್ ಆನ್ ಆಯ್ತು, ಜೀನ್ ಆಫ್ ಆಯ್ತು" ಅಂತ ನಾವೆಲ್ಲ ಆರಾಮಾಗಿ ಹೇಳ್ಕೊಂಡು ಓಡಾಡ್ತೀವಲ್ಲ, ಒತ್ತಿದ್ಮೇಲೆ ಲೈಟ್ ಹತ್ತೋಕೆ 16 ಗಂಟೆ ಬೇಕಾಗೋ ಸ್ವಿಚ್ ಎಲ್ಲಾದ್ರೂ ನೋಡಿದೀರಾ? ಟೆಕ್ಸ್ಟ್‌ಬುಕ್ಕಲ್ಲಿ ಹಾಗೆ ಬರೆದಿರ್ತಾರೆ, ವಿಡಿಯೋಗಳಲ್ಲೂ ಹಾಗೇ ತೋರಿಸ್ತಾರೆ, ಒಂದು ಪ್ರೋಟೀನ್ ತೇಲ್ಕೊಂಡು ಬಂದು ಡಿಎನ್‌ಎ ಮೇಲೆ ಟಕ್ ಅಂತ ಕೂರತ್ತೆ, ತಕ್ಷಣ ಜೀನ್ ಹೊಳೆಯೋಕೆ ಶುರು. ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ಅಷ್ಟಕ್ಕೇ ನಿಲ್ಲಿಸಿಬಿಟ್ರೆ ಇದರ ಮಜಾನೇ ಕೈತಪ್ಪಿ ಹೋಗತ್ತೆ. ನ್ಯೂಕ್ಲಿಯಸ್ ಅಂದ್ರೆ ಸೆಲ್ ಒಳಗೆ ಜೀನ್‌ಗಳನ್ನ ಇಟ್ಕೊಂಡಿರೋ ಕೋಣೆ, ಅದರೊಳಗೆ ನಡೆಯೋದು ಒತ್ತೋದು ಬಿಡೋದಲ್ಲ, ಒಂಥರಾ ಜಾಗದ ತಕರಾರು. ಯಾರು ಎಲ್ಲಿದ್ದಾರೆ, ಯಾರ ಕೈಗೆ ಯಾವುದು ಎಟುಕತ್ತೆ, ಎಷ್ಟು ಹೊತ್ತು ಎಟುಕತ್ತೆ, ಎಲ್ಲಾ ಇದರ ಮೇಲೇ ನಿಂತಿರೋದು.

ಈ ಸ್ವಿಚ್ ಕಥೆ ಬಂದಿದ್ದು ಬ್ಯಾಕ್ಟೀರಿಯಾದಿಂದ. ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಫ್ರಾನ್ಸ್ವಾ ಜಾಕೋಬ್ ಮತ್ತೆ ಜಾಕ್ ಮೊನೊ 1961ರಲ್ಲಿ ತೋರಿಸಿದ್ದು ಏನಂದ್ರೆ, ಇ. ಕೋಲೈ ಹತ್ರ ಲ್ಯಾಕ್ಟೋಸ್ ಸಕ್ಕರೆ ಇಲ್ಲದೇ ಇದ್ರೆ ಅದನ್ನ ಜೀರ್ಣ ಮಾಡೋ ಜೀನ್‌ಗಳ ಮುಂದೆ ರಿಪ್ರೆಸರ್ ಅನ್ನೋ ತಡೆಯೋ ಪ್ರೋಟೀನ್ ಅಡ್ಡ ಕೂತಿರತ್ತೆ, ಲ್ಯಾಕ್ಟೋಸ್ ಬಂತು ಅಂದ್ರೆ ಆ ರಿಪ್ರೆಸರ್ ಜಾಗ ಬಿಟ್ಟು ಎದ್ದು ಹೋಗತ್ತೆ, ಓದೋ ಕೆಲಸ ಶುರುವಾಗತ್ತೆ. ಚೊಕ್ಕವಾದ ಐಡಿಯಾ, 1965ರಲ್ಲಿ ಆಂದ್ರೆ ಲ್ವೋಫ್ ಜೊತೆ ನೊಬೆಲ್ ಕೂಡ ಬಂತು. ಇ. ಕೋಲೈಗೆ ನಿಜವಾಗಿದ್ದು ಆನೆಗೂ ನಿಜ ಅನ್ನೋ ಅರ್ಥದ ಒಂದು ಮಾತು ಮೊನೊ ಹೆಸರಲ್ಲಿ ಇವತ್ತಿಗೂ ಓಡಾಡ್ತಾ ಇದೆ. ಡಿಎನ್‌ಎ ಭಾಷೆ ಮಟ್ಟಿಗೆ ಸರಿನೇ, ಆದ್ರೆ ಆನೆ ಸೆಲ್‌ನಲ್ಲಿ ನ್ಯೂಕ್ಲಿಯಸ್ ಇದೆ, ಇ. ಕೋಲೈನಲ್ಲಿ ಇಲ್ಲ, ಇದು ಸಣ್ಣ ವಿಷಯ ಅಲ್ಲ.

ಯಾಕೆ ಅಂದ್ರೆ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಹೆಚ್ಚುಕಡಿಮೆ ತೆರೆದೇ ಇರತ್ತೆ, ಯಾರಾದ್ರೂ ಅಡ್ಡ ಬಂದ್ರೆ ಮಾತ್ರ ಓದೋದು ನಿಲ್ಲತ್ತೆ, ಅಲ್ಲದೆ ಆರ್‌ಎನ್‌ಎ ಇನ್ನೂ ಅರ್ಧ ತಯಾರಾಗ್ತಿರುವಾಗಲೇ ರೈಬೋಸೋಮ್ ಬಂದು ಹಿಡ್ಕೊಂಡು ಪ್ರೋಟೀನ್ ಮಾಡೋಕೆ ಶುರು ಹಚ್ಕೊಳತ್ತೆ. ನಮ್ಮಲ್ಲಿ ಉಲ್ಟಾ. ನಮ್ಮಲ್ಲಿ ಮುಚ್ಚಿರೋದೇ ಮಾಮೂಲು, ತೆರೆಯೋದಕ್ಕೆ ದುಡೀಬೇಕು. ಒಂದೊಂದು ಸೆಲ್‌ನಲ್ಲೂ ಒಟ್ಟು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ, ಅದು 46 ಕ್ರೋಮೋಸೋಮ್ ಆಗಿ ಹಂಚ್ಕೊಂಡು, ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದಿರೋ ನ್ಯೂಕ್ಲಿಯಸ್ ಒಳಗೆ ಕೂತಿರತ್ತೆ. ಅದರಲ್ಲಿ ಪ್ರೋಟೀನ್ ಮಾಡೋ ಜೀನ್‌ಗಳು 20 ಸಾವಿರದಷ್ಟು, ಆದ್ರೆ ಪ್ರೋಟೀನಿಗೆ ನೇರವಾಗಿ ಬೇಕಾಗೋ ಅಕ್ಷರಗಳು ಒಟ್ಟು ಡಿಎನ್‌ಎಲಿ 1ರಿಂದ 2 ಪರ್ಸೆಂಟ್ ಅಷ್ಟೇ. ಲಿವರ್ ಸೆಲ್ ಆಗಲಿ ಮೆದುಳಿನ ಸೆಲ್ ಆಗಲಿ, ಇರೋದು ಅದೇ ಡಿಎನ್‌ಎ. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಸೆಲ್‌ನಿಂದ ನ್ಯೂಕ್ಲಿಯಸ್ ತೆಗೆದು, ತನ್ನ ನ್ಯೂಕ್ಲಿಯಸ್ ಕಳ್ಕೊಂಡಿದ್ದ ಕಪ್ಪೆ ಮೊಟ್ಟೆಗೆ ಹಾಕಿದ್ರು, ಅವುಗಳಲ್ಲಿ ಕೆಲವು ಗೊದಮೊಟ್ಟೆಗಳಾಗಿ ಬೆಳೆದ್ವು, ಮುಂದಿನ ಪ್ರಯೋಗಗಳಲ್ಲಿ ಪೂರ್ತಿ ಕಪ್ಪೆಗಳೂ ಬಂದ್ವು. ಅಂದ್ರೆ ಕರುಳಿನ ಸೆಲ್ ಯಾವ ಜೀನನ್ನೂ ಕಳ್ಕೊಂಡಿರಲಿಲ್ಲ, ಬೇಡದ್ದನ್ನ ಮುಚ್ಚಿಟ್ಟಿತ್ತು ಅಷ್ಟೇ.

ಮುಚ್ಚಿಡೋದು ಅಂದ್ರೆ ಹೇಗೆ? ಇದನ್ನ ಸ್ವಲ್ಪ ಹತ್ತಿರ ಹೋಗಿ ನೋಡಣ. ಹಿಸ್ಟೋನ್ ಅಂತ ಪ್ರೋಟೀನ್‌ಗಳಿವೆ. ನಾಲ್ಕು ಥರದ್ದು, ಒಂದೊಂದರಲ್ಲಿ ಎರಡೆರಡು, ಒಟ್ಟು ಎಂಟು ಸೇರಿ ಒಂದು ಗಟ್ಟಿ ಉಂಡೆ. ಆ ಉಂಡೆಗೆ ಡಿಎನ್‌ಎ ಒಂದೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಮ್ಮಿ ಸುತ್ಕೊಂಡಿರತ್ತೆ, ಅಷ್ಟೂ ಸುತ್ತೋಕೆ ಬೇಕಾಗೋದು 147 ಅಕ್ಷರ. ಇದಕ್ಕೆ ನ್ಯೂಕ್ಲಿಯೋಸೋಮ್ ಅಂತಾರೆ. ಒಂದು ಸೆಲ್‌ನಲ್ಲಿ ಇಂಥವು ಕೋಟಿಗಟ್ಟಲೆ. ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ಹೀಗಿರಬಹುದು ಅಂದ್ರು, 1997ರಲ್ಲಿ ಇದರ ಆಕಾರ ಅಣು ಅಣು ಬಿಡಿಸಿ ಕಾಣೋ ಹಾಗೆ ಸಿಕ್ತು. ಸುತ್ಕೊಂಡಿರೋ ಭಾಗದ ಒಳಮಗ್ಗುಲು ಉಂಡೆಗೆ ಅಂಟಿರತ್ತಲ್ಲ, ಅಲ್ಲಿರೋ ಅಕ್ಷರ ಓದೋಕೆ ಬರೋ ಬಹುಪಾಲು ಪ್ರೋಟೀನ್‌ಗಳಿಗೆ ಜಾಗನೇ ಸಿಗಲ್ಲ. ಡಿಎನ್‌ಎಗೆ ನೆಗೆಟಿವ್ ಚಾರ್ಜ್, ಹಿಸ್ಟೋನ್‌ನಲ್ಲಿ ಲೈಸೀನ್ ಅನ್ನೋ ಪಾಸಿಟಿವ್ ಅಮೈನೋ ಆಸಿಡ್ ತುಂಬಾ ಇದೆ, ಹಾಗಾಗಿ ಬಿಗಿಯಾಗಿ ಹಿಡ್ಕೊಳತ್ತೆ. ಉಂಡೆಯಿಂದ ಹಿಸ್ಟೋನ್ ಬಾಲಗಳು ಹೊರಗೆ ಚಾಚ್ಕೊಂಡಿರತ್ವೆ, ಆ ಬಾಲದ ಲೈಸೀನಿಗೆ ಅಸಿಟೈಲ್ ಗುಂಪು ಅನ್ನೋ ಒಂದು ಪುಟ್ಟ ರಾಸಾಯನಿಕ ತುಂಡು ಅಂಟಿಸಿದ್ರೆ ಪಾಸಿಟಿವ್ ಚಾರ್ಜ್ ಹೋಗಿ ಹಿಡಿತ ಸಡಿಲ ಆಗತ್ತೆ.

ಇದರ ಹಿಂದಿನ ಕಥೆ ನಂಗೆ ತುಂಬಾ ಇಷ್ಟ. ಅಸಿಟೈಲ್ ಇದ್ದಲ್ಲಿ ಆರ್‌ಎನ್‌ಎ ಜಾಸ್ತಿ ತಯಾರಾಗತ್ತೆ ಅಂತ ವಿನ್ಸೆಂಟ್ ಆಲ್ಫ್ರಿ 1964ರಲ್ಲೇ ಹೇಳಿದ್ರು. ಜನ ಕಿವಿಗೆ ಹಾಕ್ಕೊಳ್ಳಲಿಲ್ಲ, ಹಿಸ್ಟೋನ್ ಅಂದ್ರೆ ಬರೀ ಪ್ಯಾಕಿಂಗ್ ಸಾಮಾನು ಅನ್ನೋ ಭಾವನೆ ಅಷ್ಟು ಗಟ್ಟಿಯಾಗಿತ್ತು. ಅಸಿಟೈಲ್ ಅಂಟಿಸೋ ಎಂಜೈಮ್ ಯಾವುದು ಅಂತ ಸಿಕ್ಕಿದ್ದು 1996ರಲ್ಲಿ, ಮೂವತ್ತು ವರ್ಷದ ಮೇಲೆ. ಡೇವಿಡ್ ಆಲಿಸ್ ಅದನ್ನ ಹುಡುಕಿದ್ದು ಟೆಟ್ರಾಹೈಮಿನಾ ಅನ್ನೋ ಕೊಳದ ನೀರಿನ ಒಂಟಿ ಸೆಲ್ ಜೀವಿಯಲ್ಲಿ. ಯಾಕೆ ಅದನ್ನೇ ಆರಿಸಿದ್ರು ಅಂದ್ರೆ ಅದರ ಒಂದೇ ಸೆಲ್ ಒಳಗೆ ಎರಡು ನ್ಯೂಕ್ಲಿಯಸ್ ಇದೆ, ದೊಡ್ಡದು ದಿನದ ಕೆಲಸಕ್ಕೆ, ಸದಾ ಓದಿಸ್ಕೊಳ್ತಾ ಇರತ್ತೆ, ಚಿಕ್ಕದು ಮುಂದಿನ ಪೀಳಿಗೆಗೆ ಎತ್ತಿಟ್ಟಿದ್ದು, ಸುಮ್ಮನೆ ಮಲಗಿರತ್ತೆ. ದೊಡ್ಡದರ ಹಿಸ್ಟೋನ್ ಮೇಲೆ ಅಸಿಟೈಲ್ ತುಂಬಾ ಇತ್ತು, ಚಿಕ್ಕದರಲ್ಲಿ ಇರಲಿಲ್ಲ. ಅಂದ್ಮೇಲೆ ಎಂಜೈಮ್ ಹುಡುಕಬೇಕಾದ್ದು ದೊಡ್ಡದರಲ್ಲಿ. ಹುಡುಕಿ ತೆಗೆದು ನೋಡಿದ್ರೆ ಅದು ಯೀಸ್ಟ್‌ನ ಜಿಸಿಎನ್5 ಅನ್ನೋ ಪ್ರೋಟೀನಿನ ನೆಂಟ, ಅದು ಜೀನ್ ಓದೋಕೆ ಸಹಾಯ ಮಾಡತ್ತೆ ಅಂತ ಯೀಸ್ಟ್ ಜನಕ್ಕೆ ಮೊದಲೇ ಗೊತ್ತಿತ್ತು, ಹೇಗೆ ಅಂತ ಗೊತ್ತಿರಲಿಲ್ಲ! ಅದೇ ವರ್ಷ ಸ್ಟುವರ್ಟ್ ಶ್ರೈಬರ್ ಲ್ಯಾಬ್‌ನವರು ಅಸಿಟೈಲ್ ಕೀಳೋ ಎಂಜೈಮ್ ಹಿಡಿದ್ರು, ಅದು ಯೀಸ್ಟ್‌ನಲ್ಲಿ ಜೀನ್ ಅಡಗಿಸೋದಕ್ಕೆ ಹೆಸರಾಗಿದ್ದ ಪ್ರೋಟೀನಿನ ನೆಂಟ. ಎರಡೂ ಕಡೆ ಲೆಕ್ಕ ಸರಿಹೋಯ್ತು.

ಹಿಸ್ಟೋನ್ ಮೇಲೆ ಇನ್ನೂ ಏನೇನೋ ಗುರುತುಗಳಿವೆ, ಮೀಥೈಲ್, ಫಾಸ್ಫೇಟ್, ಉದ್ದದ ಪಟ್ಟಿ, ಯಾವುದು ಎಲ್ಲಿ ಅಂಟಿದ್ರೆ ಏನು ಅಂತ ಪರೀಕ್ಷೆಗೆ ಓದೋರು ಬಾಯಿಪಾಠ ಮಾಡ್ತಾರೆ. ಅದನ್ನ ಇಲ್ಲಿ ಬಿಡ್ತೀನಿ. ನ್ಯೂಕ್ಲಿಯೋಸೋಮನ್ನ ಪಕ್ಕಕ್ಕೆ ತಳ್ಳೋದಕ್ಕೇ ಅಂತ ಎನರ್ಜಿ ಖರ್ಚು ಮಾಡೋ ಪ್ರೋಟೀನ್ ಮಷೀನ್‌ಗಳೂ ಇವೆ, ಆ ಮಷೀನ್‌ಗಳು ಕೆಟ್ಟುಹೋಗಿರೋ ಕ್ಯಾನ್ಸರ್‌ಗಳು ಬೇಕಾದಷ್ಟಿವೆ, ಅಷ್ಟು ಹೇಳಿ ಮುಂದೆ ಹೋಗ್ತೀನಿ.

ಸರಿ, ಜಾಗ ತೆರೀತು ಅಂತ ಇಟ್ಕೊಳಿ, ಓದಬೇಕಾದ ಜೀನ್ ಯಾವುದು ಅಂತ ಗೊತ್ತಾಗೋದು ಹೇಗೆ? ಇದಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನೋ ಪ್ರೋಟೀನ್‌ಗಳಿವೆ, ಮನುಷ್ಯರಲ್ಲಿ ಸುಮಾರು 1600. ಒಂದೊಂದೂ ಒಂದು ಚಿಕ್ಕ ಪದ ಗುರುತಿಸತ್ತೆ, 6ರಿಂದ 12 ಅಕ್ಷರದ್ದು. ಇಲ್ಲೇ ಒಂದು ಗಣಿತದ ತೊಡಕು. ಡಿಎನ್‌ಎಲಿ ಇರೋದು ನಾಲ್ಕೇ ಅಕ್ಷರ, ಹಾಗಾಗಿ 8 ಅಕ್ಷರದ ಯಾವುದೇ ಪದ ಸುಮ್ಮನೆ ಆಕಸ್ಮಿಕವಾಗಿ 65,536 ಅಕ್ಷರಕ್ಕೊಮ್ಮೆ ಬಂದೇ ಬರತ್ತೆ, ನಮ್ಮ 320 ಕೋಟಿ ಅಕ್ಷರದ ಜೀನೋಮ್‌ನಲ್ಲಿ ಅಂದ್ರೆ ಹತ್ತಿರ ಹತ್ತಿರ 50 ಸಾವಿರ ಕಡೆ. ಅಷ್ಟೂ ಕಡೆ ಹೋಗಿ ಕೂತ್ರೆ ಸೆಲ್ ಕಥೆ ಮುಗೀತು. ಅದಕ್ಕೇ ಒಬ್ಬನೇ ಬಂದ್ರೆ ಇಲ್ಲಿ ಕೆಲಸ ಆಗಲ್ಲ, ನಾಲ್ಕೈದು ಬೇರೆ ಬೇರೆ ಫ್ಯಾಕ್ಟರ್‌ಗಳು ಒಂದೇ ಕಡೆ ಒತ್ತೊತ್ತಾಗಿ ಸೇರಿದ್ರೆ ಮಾತ್ರ ಅಲ್ಲೇನೋ ನಡೆಯತ್ತೆ, ಮತ್ತೆ ಆ ಪದಗಳಲ್ಲಿ ಬಹುಪಾಲು ನ್ಯೂಕ್ಲಿಯೋಸೋಮಿಗೆ ಸುತ್ಕೊಂಡು ಮುಚ್ಚಿರೋದ್ರಿಂದ ಕಣ್ಣಿಗೇ ಬೀಳಲ್ಲ. ಲಿವರ್‌ನಲ್ಲಿ ತೆರೆದಿರೋದು ಬೇರೆ, ಮೆದುಳಲ್ಲಿ ತೆರೆದಿರೋದು ಬೇರೆ, ಹಾಗಾಗಿ ಅದೇ ಫ್ಯಾಕ್ಟರ್ ಎರಡು ಕಡೆ ಎರಡು ಕೆಲಸ ಮಾಡತ್ತೆ.

ಕೂರತ್ತೆ ಅಂದ್ನಲ್ಲ, ಎಷ್ಟು ಹೊತ್ತು ಕೂರತ್ತೆ? ಮೊದಲೆಲ್ಲ ಗಂಟೆಗಟ್ಟಲೆ ಅಂತ ಅಂದ್ಕೊಂಡಿದ್ರು. ಕಾರ್ಟಿಸಾಲ್ ಥರದ ಹಾರ್ಮೋನ್ ಬಂದಾಗ ಗ್ಲೂಕೋಕಾರ್ಟಿಕಾಯ್ಡ್ ರಿಸೆಪ್ಟರ್ ಅನ್ನೋ ಫ್ಯಾಕ್ಟರ್ ಅದನ್ನ ಹಿಡ್ಕೊಂಡು ನ್ಯೂಕ್ಲಿಯಸ್ ಒಳಗೆ ಹೋಗಿ ಡಿಎನ್‌ಎ ಹಿಡ್ಕೊಳತ್ತೆ, ಹಾರ್ಮೋನ್ ಇರೋವರೆಗೂ ಅಲ್ಲೇ ಇರತ್ತೆ ಅನ್ನೋ ಲೆಕ್ಕ. 2000ದಲ್ಲಿ ಗಾರ್ಡನ್ ಹೇಗರ್ ಲ್ಯಾಬ್‌ನವರು ಆ ರಿಸೆಪ್ಟರ್‌ಗೆ ಹಸಿರು ಹೊಳೆಯೋ ಪ್ರೋಟೀನ್ ಅಂಟಿಸಿದ್ರು, ಅದು ಕೂರೋ ಜಾಗವನ್ನ ನೂರಾರು ಸಲ ಸಾಲಾಗಿ ರಿಪೀಟ್ ಮಾಡಿದ್ದ ಇಲಿ ಸೆಲ್ ತಗೊಂಡ್ರು, ಮೈಕ್ರೋಸ್ಕೋಪಲ್ಲಿ ಒಂದು ದಪ್ಪ ಹಸಿರು ಚುಕ್ಕೆ ಕಾಣತ್ತೆ. ಆ ಚುಕ್ಕೆ ಮೇಲೆ ಲೇಸರ್ ಬಿಟ್ಟು ಹೊಳಪು ಪೂರ್ತಿ ಸಾಯಿಸಿದ್ರು. ಕೂತಿರೋವು ಗಟ್ಟಿಯಾಗಿ ಕೂತಿದ್ರೆ ಚುಕ್ಕೆ ಕತ್ತಲಾಗೇ ಉಳೀಬೇಕಲ್ವಾ? ಕೆಲವೇ ಸೆಕೆಂಡಲ್ಲಿ ಹಸಿರು ವಾಪಸ್ ಬಂತು. ಅಂದ್ರೆ ಹೊಳಪು ಸತ್ತವು ಎದ್ದು ಹೋಗಿ ಹೊಸವು ಬಂದು ಕೂತ್ಕೊಂಡು ಬಿಟ್ಟಿದ್ವು. ಹಾರ್ಮೋನ್ ಮಾತ್ರ ಇದ್ದ ಹಾಗೇ ಇತ್ತು. ಆಮೇಲೆ ಬೇರೆ ಎಷ್ಟೋ ಫ್ಯಾಕ್ಟರ್‌ಗಳನ್ನ ನೋಡಿದ್ರೂ ಇದೇ ಹಣೆಬರಹ, ಬರತ್ವೆ, ತಡವತ್ವೆ, ಹೋಗತ್ವೆ.

ಹಾಗಾಗಿ ಜೀನ್ ಒಂದೇ ಸಮನೆ ಓದಿಸ್ಕೊಳ್ಳೋದೂ ಇಲ್ಲ. ಒಂದಷ್ಟು ನಿಮಿಷ ಪಟಪಟ ಅಂತ ಆರ್‌ಎನ್‌ಎಗಳು ಬರತ್ವೆ, ಆಮೇಲೆ ಸುಮ್ಮನಾಗತ್ತೆ, ಮತ್ತೆ ಯಾವಾಗ್ಲೋ ಶುರು. ಪಕ್ಕಪಕ್ಕದ ಎರಡು ಒಂದೇ ಥರದ ಸೆಲ್‌ಗಳಲ್ಲಿ ಅದೇ ಜೀನ್ ಒಂದರಲ್ಲಿ ಜೋರಾಗಿದ್ರೆ ಇನ್ನೊಂದರಲ್ಲಿ ಆ ಕ್ಷಣಕ್ಕೆ ತಣ್ಣಗಿರಬಹುದು. ಜಾಸ್ತಿ ಓದಿಸೋದು ಅಂದ್ರೆ ಬಹಳ ಸಲ ಈ ಅಬ್ಬರ ಪದೇ ಪದೇ ಬರೋ ಹಾಗೆ ಮಾಡೋದು. ಸ್ವಿಚ್ ಅಂದವರನ್ನ ಇಲ್ಲಿ ಕರ್ಕೊಂಡು ಬಂದು ತೋರಿಸ್ಬೇಕು ಅನ್ಸತ್ತೆ.

ಇದರ ಮಧ್ಯೆ ಫಾಸ್ಟ್ ಆಗಿ ಪ್ರತಿಕ್ರಿಯೆ ಬೇಕಾದ ಜೀನ್‌ಗಳೂ ಇರತ್ವೆ, ಅವುಗಳ ಉಪಾಯನೇ ಬೇರೆ. 1960ರ ಆಸುಪಾಸಲ್ಲಿ ಇಟಲಿಯ ಫೆರುಚ್ಚೋ ರಿಟೋಸಾ ಹಣ್ಣಿನ ನೊಣದ ಮರಿಗಳ ಜೊಲ್ಲಿನ ಗ್ರಂಥಿ ನೋಡ್ತಿದ್ರು, ಅಲ್ಲಿ ಕ್ರೋಮೋಸೋಮ್‌ಗಳು ದೈತ್ಯ ಗಾತ್ರದವು, ಸಾದಾ ಮೈಕ್ರೋಸ್ಕೋಪಲ್ಲೇ ಕಾಣತ್ವೆ, ಜೋರಾಗಿ ಓದಿಸ್ಕೊಳ್ತಿರೋ ಜಾಗ ಊದ್ಕೊಂಡಿರತ್ತೆ. ಒಂದಿನ ಯಾವತ್ತೂ ಇಲ್ಲದ ಜಾಗಗಳಲ್ಲಿ ಊತ ಕಾಣಿಸ್ತು. ಕಾರಣ ಹುಡುಕಿದ್ರೆ ಯಾರೋ ಇನ್‌ಕ್ಯುಬೇಟರ್ ಟೆಂಪರೇಚರ್ ಜಾಸ್ತಿ ಮಾಡಿಬಿಟ್ಟಿದ್ರು! 1962ರಲ್ಲಿ ಇದನ್ನ ಪ್ರಕಟ ಮಾಡಿದ್ರು, ಹೀಟ್ ಶಾಕ್ ಜೀನ್‌ಗಳ ಕಥೆ ಶುರುವಾಗಿದ್ದೇ ಅಲ್ಲಿಂದ. ಬಿಸಿ ತಾಗಿದ ನಿಮಿಷಗಳಲ್ಲೇ ಅವು ಓದಿಸ್ಕೊಳ್ಳೋದು ಹೇಗೆ ಅಂತ ಗೊತ್ತಾಗೋಕೆ ಇನ್ನೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು. ಜಾನ್ ಲಿಸ್ ಮತ್ತೆ ಜೊತೆಯವರು ನೋಡಿದ್ದು ಏನಂದ್ರೆ, ಓದೋ ಎಂಜೈಮ್ ಆದ ಆರ್‌ಎನ್‌ಎ ಪಾಲಿಮರೇಸ್ ಬಿಸಿ ತಾಗೋಕೆ ಮೊದಲೇ ಜೀನ್ ಹತ್ತಿ, 20ರಿಂದ 60 ಅಕ್ಷರದಷ್ಟು ಓದಿ, ಅಲ್ಲೇ ಬ್ರೇಕ್ ಹಾಕ್ಕೊಂಡು ನಿಂತಿರತ್ತೆ. ಬಿಸಿ ತಾಗಿದ್ರೆ ಬ್ರೇಕ್ ಬಿಡೋದಷ್ಟೇ ಕೆಲಸ. ಆಮೇಲೆ ಹುಡುಕಿದ್ರೆ ನಮ್ಮಲ್ಲೂ ಸಾವಿರಾರು ಜೀನ್‌ಗಳಲ್ಲಿ ಇದೇ ಏರ್ಪಾಡು. ಇಂಥ ಜೀನ್ ಆನ್ ಅನ್ನೋಣ್ವಾ ಆಫ್ ಅನ್ನೋಣ್ವಾ, ನೀವೇ ಹೇಳಿ.

ಈಗ ನಂಗೆ ಅತೀ ಇಷ್ಟವಾದ ಭಾಗ, ದೂರದಿಂದ ನಡೆಯೋ ಕಾರುಬಾರು. 1981ರಲ್ಲಿ ವಾಲ್ಟರ್ ಶಾಫ್ನರ್ ಲ್ಯಾಬ್‌ನಲ್ಲಿ ಎಸ್‌ವಿ40 ಅನ್ನೋ ವೈರಸ್ಸಿನ ಒಂದು ಚೂರು ಡಿಎನ್‌ಎ ತಗೊಂಡು ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗ ಮಾಡೋ ಬೀಟಾ ಗ್ಲೋಬಿನ್ ಜೀನ್ ಇರೋ ಡಿಎನ್‌ಎಗೆ ಸೇರಿಸಿದ್ರು, ಆರ್‌ಎನ್‌ಎ ಸುಮಾರು 200 ಪಟ್ಟು ಜಾಸ್ತಿ ಆಯ್ತು. ವಿಚಿತ್ರ ಏನಂದ್ರೆ ಆ ಚೂರನ್ನ ತಿರುಗಿಸಿ ಹಾಕಿದ್ರೂ ಅಷ್ಟೇ, ಸಾವಿರಾರು ಅಕ್ಷರ ದೂರ ಇಟ್ರೂ ಅಷ್ಟೇ, ಜೀನ್ ಹಿಂದೆ ಇಟ್ರೂ ಅಷ್ಟೇ. ಇದಕ್ಕೆ ಎನ್‌ಹಾನ್ಸರ್ ಅಂತ ಹೆಸರಿಟ್ರು. ಮನುಷ್ಯರಲ್ಲಿ ಈಗ ಲಕ್ಷಗಟ್ಟಲೆ ಎನ್‌ಹಾನ್ಸರ್ ಇವೆ ಅನ್ನೋ ಅಂದಾಜಿದೆ.

ಎಷ್ಟು ದೂರ ಅಂದ್ರೆ, ಸೋನಿಕ್ ಹೆಡ್ಜ್‌ಹಾಗ್ ಅನ್ನೋ ಜೀನ್ ತಗೊಳಿ. ಹೌದು, ವಿಡಿಯೋ ಗೇಮ್ ಹೆಸರೇ, ಜೀನಿಗೆ ಹೆಸರಿಡೋರ ಕೈಗೆ ಯಾರೂ ಸಿಗಬಾರದು. ಭ್ರೂಣದಲ್ಲಿ ಕೈಕಾಲು ಮೂಡುವಾಗ, ಕಿರುಬೆರಳು ಬರೋ ಕಡೆ ಮಾತ್ರ ಈ ಜೀನ್ ಓದಿಸ್ಕೊಳ್ಬೇಕು, ಆಗಲೇ ಬೆರಳು ಸರಿಯಾದ ಲೆಕ್ಕಕ್ಕೆ ಸರಿಯಾದ ಕ್ರಮದಲ್ಲಿ ಬರೋದು. ಇದನ್ನ ನೋಡ್ಕೊಳ್ಳೋ ಎನ್‌ಹಾನ್ಸರ್ ಇರೋದು ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಅದೂ ಸಂಬಂಧವೇ ಇಲ್ಲದ ಇನ್ನೊಂದು ಜೀನಿನ ಹೊಟ್ಟೆಯೊಳಗೆ! ಆ ಎನ್‌ಹಾನ್ಸರಲ್ಲಿ ಒಂದೇ ಒಂದು ಅಕ್ಷರ ಬದಲಾದ್ರೂ ಮಕ್ಕಳಿಗೆ ಹೆಚ್ಚುವರಿ ಬೆರಳು ಬರಬಹುದು. ಹಾವುಗಳಲ್ಲಿ ಈ ತುಂಡು ಸವೆದು ಹಾಳಾಗಿದೆ. 2016ರಲ್ಲಿ ಇಲಿಯ ಎನ್‌ಹಾನ್ಸರ್ ತೆಗೆದು ಆ ಜಾಗಕ್ಕೆ ಹಾವಿನದ್ದು ಹಾಕಿ ನೋಡಿದ್ರು, ಇಲಿಮರಿಗೆ ಕಾಲು ಸರಿಯಾಗಿ ಬೆಳೀಲೇ ಇಲ್ಲ, ಮೊಂಡು ಮೊಂಡು. ಹಾವಿನಲ್ಲಿ ಬಿಟ್ಟುಹೋಗಿದ್ದ 17 ಅಕ್ಷರ ವಾಪಸ್ ಸೇರಿಸಿದ್ರು, ಕಾಲು ಬಂತು. ಜೀನ್ ಮುಟ್ಟೇ ಇಲ್ಲ ನೋಡಿ, ಪ್ರೋಟೀನ್ ಮೊದಲು ಹೇಗಿತ್ತೋ ಹಾಗೇ ಇತ್ತು.

10 ಲಕ್ಷ ಅಕ್ಷರ ದೂರ ಇರೋದು ಹತ್ತಿರ ಬರೋದು ಹೇಗೆ ಅಂದ್ರೆ ಮಧ್ಯದ ಡಿಎನ್‌ಎ ಕುಣಿಕೆ ಥರ ಮಡಚ್ಕೊಳತ್ತೆ. ಕೊಹೀಸಿನ್ ಅನ್ನೋ ಉಂಗುರದಾಕಾರದ ಪ್ರೋಟೀನ್ ಡಿಎನ್‌ಎ ಹಿಡಿದು, ಬಳೆಯೊಳಗಿಂದ ದಾರ ಎಳೀತಾ ಹೋದ ಹಾಗೆ ಎಳೀತಾ ಹೋಗತ್ತೆ, ಕುಣಿಕೆ ದೊಡ್ಡದಾಗ್ತಾ ಆಗ್ತಾ ಹೋಗಿ ಸಿಟಿಸಿಎಫ್ ಅನ್ನೋ ಇನ್ನೊಂದು ಪ್ರೋಟೀನ್ ಸರಿಯಾದ ದಿಕ್ಕಿಗೆ ಮುಖ ಮಾಡಿ ಕೂತಿರೋ ಕಡೆ ನಿಲ್ಲತ್ತೆ. ಹೀಗಾಗಿ ಜೀನೋಮ್ ಬಡಾವಣೆ ಬಡಾವಣೆ ಆಗಿ ಬೇರ್ಪಡತ್ತೆ, ಒಂದರೊಳಗಿನ ಎನ್‌ಹಾನ್ಸರ್ ಹೆಚ್ಚಾಗಿ ಅಲ್ಲಿನ ಜೀನ್ ಜೊತೆಗೇ ವ್ಯವಹಾರ ಇಟ್ಕೊಳತ್ತೆ. 2009ರಲ್ಲಿ ಹೈ-ಸಿ ಅನ್ನೋ ವಿಧಾನ ಬಂತು, ಯಾವ ತುಂಡು ಯಾವ ತುಂಡಿನ ಹತ್ರ ಇದೆ ಅಂತ ಇಡೀ ಜೀನೋಮಿಗೆ ಮ್ಯಾಪ್ ಮಾಡೋದು, 2012ರಲ್ಲಿ ಈ ಗಡಿಗಳು ಸ್ಪಷ್ಟ ಕಾಣಿಸಿದ್ವು. 2015ರಲ್ಲಿ ಇಂಥದ್ದೊಂದು ಗಡಿ ಅಳಿಸಿ ಹೋದ ಕುಟುಂಬಗಳಲ್ಲಿ ಬೆರಳುಗಳು ವಿಕಾರವಾಗೋದನ್ನ ತೋರಿಸಿದ್ರು, ಅಲ್ಲಿ ಎನ್‌ಹಾನ್ಸರ್ ಗಡಿ ದಾಟಿ ಪಕ್ಕದ ಬೇರೆ ಜೀನನ್ನ ಕೆಣಕಿತ್ತು.

ಇಷ್ಟಕ್ಕೇ ಎಲ್ಲಾ ತಿಳೀತು ಅಂತ ಖುಷಿಪಡೋ ಹಾಗಿಲ್ಲ. 2017ರಲ್ಲಿ ಸೆಲ್‌ನಿಂದ ಕೊಹೀಸಿನ್ನೇ ತೆಗೆದುಹಾಕಿ ನೋಡಿದ್ರು, ಕುಣಿಕೆಗಳೆಲ್ಲ ಮಾಯ, ಆದ್ರೆ ಕೆಲವು ಗಂಟೆ ಕಾಲ ಬಹುಪಾಲು ಜೀನ್‌ಗಳಿಗೆ ಏನೂ ದೊಡ್ಡ ವ್ಯತ್ಯಾಸ ಆಗಲೇ ಇಲ್ಲ! ಕೆಲವು ಜೀನಿಗೆ ಗಡಿ ಪ್ರಾಣ, ಬಹಳಷ್ಟಕ್ಕೆ ಲೆಕ್ಕಕ್ಕಿಲ್ಲ. ಯಾಕೆ ಹೀಗೆ ಅನ್ನೋದರ ಮೇಲೆ ಈಗಲೂ ಜಗಳ ನಡೀತಿದೆ. ನನ್ನ ಅನಿಸಿಕೆ ಕೇಳಿದ್ರೆ, ದೂರ ಹೊಸದಾಗಿ ಹುಡುಕಬೇಕಾದ ಎನ್‌ಹಾನ್ಸರ್‌ಗಳಿಗೆ ಕುಣಿಕೆ ಬೇಕು, ಹತ್ತಿರದವಕ್ಕೆ ಬೇಡ, ಮತ್ತೆ ಕೆಲವು ಗಂಟೆಯ ಪ್ರಯೋಗದಲ್ಲಿ ಭ್ರೂಣ ಬೆಳೆಯೋವಾಗಿನ ಕಷ್ಟ ಕಾಣಿಸಲ್ಲ.

ಜಾಗದ ವಿಷಯಕ್ಕೇ ಇನ್ನೊಂದು. ಮಾಮೂಲಿ ನ್ಯೂಕ್ಲಿಯಸ್‌ನಲ್ಲಿ ಒತ್ತಾಗಿ ಮುಚ್ಚಿದ ಡಿಎನ್‌ಎ ಗೋಡೆಗೆ ಅಂಟ್ಕೊಂಡು ಅಂಚಲ್ಲಿರತ್ತೆ, ಓದಿಸ್ಕೊಳ್ಳೋದು ಒಳಗಡೆ. ಒಂದೊಂದು ಕ್ರೋಮೋಸೋಮಿಗೂ ಅದರದ್ದೇ ಏರಿಯಾ ಇದೆ. ಆದ್ರೆ ರಾತ್ರಿ ಓಡಾಡೋ ಇಲಿಯಂಥ ಪ್ರಾಣಿಗಳ ಕಣ್ಣಲ್ಲಿ ಮಂದ ಬೆಳಕು ಹಿಡಿಯೋ ರಾಡ್ ಸೆಲ್‌ಗಳಲ್ಲಿ ಇದು ಒಳಗಿನದ್ದು ಹೊರಗೆ ಹೊರಗಿನದ್ದು ಒಳಗೆ! ಇರೀನಾ ಸೊಲೊವೆಯ್ ಮತ್ತೆ ಜೊತೆಯವರು 2009ರಲ್ಲಿ ಇದನ್ನ ಬರೆದ್ರು. ಒತ್ತಾದ ಭಾಗ ನಟ್ಟನಡುವೆ ಉಂಡೆಯಾಗಿ ಕೂತು ಪುಟ್ಟ ಲೆನ್ಸ್ ಥರ ಬೆಳಕನ್ನ ಮುಂದಕ್ಕೆ ಕಳಿಸತ್ತೆ, ಕತ್ತಲಲ್ಲಿ ಬರೋ ಚೂರುಪಾರು ಬೆಳಕು ಚದುರಿ ಹಾಳಾಗಲ್ಲ. ಹುಟ್ಟಿದಾಗ ಎಲ್ಲರ ಹಾಗೇ ಇರತ್ತಂತೆ, ಆಮೇಲೆ ಕೆಲವು ವಾರದಲ್ಲಿ ನಿಧಾನಕ್ಕೆ ತಿರುಗತ್ತೆ. ಹಾಗಿದ್ರೂ ಆ ಸೆಲ್ ಬದುಕಿದೆ, ಬೇಕಾದ ಜೀನ್ ಓದ್ತಾ ಇದೆ. ಅಂದ್ಮೇಲೆ ಅಂಚು ನಡು ಅನ್ನೋದು ಕಾನೂನಲ್ಲ, ಓದೋ ಭಾಗ ಓದದ ಭಾಗ ಒಂದರಿಂದೊಂದು ಬೇರೆ ಇರೋದು ಮುಖ್ಯ.

ಮುಚ್ಚಿಡೋದರ ದೊಡ್ಡ ಉದಾಹರಣೆ ಹೆಣ್ಣು ಸಸ್ತನಿಗಳಲ್ಲಿ. ಎರಡು ಎಕ್ಸ್ ಇರೋದ್ರಲ್ಲಿ ಒಂದನ್ನ ಹೆಚ್ಚುಕಡಿಮೆ ಇಡಿಯಾಗಿ ಮುಚ್ಚಿಡತ್ವೆ, ಮೇರಿ ಲಯನ್ 1961ರಲ್ಲಿ ಹೇಳಿದ್ದು ಇದು. ಸುಮಾರು 17 ಸಾವಿರ ಅಕ್ಷರದ ಎಕ್ಸಿಸ್ಟ್ ಅನ್ನೋ ಆರ್‌ಎನ್‌ಎ, ಇದರಿಂದ ಯಾವ ಪ್ರೋಟೀನೂ ಬರಲ್ಲ, ತಾನು ಹುಟ್ಟಿದ ಕ್ರೋಮೋಸೋಮನ್ನೇ ಮೆತ್ತಿಕೊಂಡು ಮುಚ್ಚಿಬಿಡತ್ತೆ. ಕಪ್ಪು ಕೇಸರಿ ಬಿಳಿ ಮೂರು ಬಣ್ಣದ ಬೆಕ್ಕು ನೋಡಿರ್ತೀರಲ್ಲ, ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಕೆಲವು ಸೆಲ್‌ನಲ್ಲಿ ಕೇಸರಿ ಇರೋ ಎಕ್ಸ್ ಮುಚ್ಚಿದೆ, ಕೆಲವಲ್ಲಿ ಕಪ್ಪಿನದ್ದು. ಕೇಸರಿ ಬಣ್ಣದ ಜೀನ್ ಯಾವುದು ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ, 2025ರಲ್ಲಿ ಪೇಪರ್ ಬಂತು, ಅದೂ ಜೀನ್ ಕೆಟ್ಟಿರೋದಲ್ಲ, ಅದರ ಪ್ರೋಟೀನ್ ಅಕ್ಷರ ಸರಿಯಾಗೇ ಇವೆ, ಓದಿದ್ಮೇಲೆ ಕತ್ತರಿಸಿ ಬಿಸಾಕೋ ಮಧ್ಯದ ಭಾಗದಲ್ಲಿ 5 ಸಾವಿರ ಅಕ್ಷರ ಬಿಟ್ಟುಹೋಗಿದೆ, ಹಾಗಾಗಿ ಬಣ್ಣ ಮಾಡೋ ಸೆಲ್‌ನಲ್ಲಿ ಓದಿಸ್ಕೊಳ್ಳಬಾರದ ಜೀನ್ ಓದಿಸ್ಕೊಳ್ತಿದೆ.

ಇಲ್ಲೊಂದು ಮಾತು ಗೊಣಗಿಬಿಡ್ತೀನಿ. ಎಪಿಜೆನೆಟಿಕ್ಸ್, ಅಂದ್ರೆ ಅಕ್ಷರ ಬದಲಾಗದೆ ಜೀನ್ ಓದೋ ರೀತಿ ಬದಲಾಗೋದು, ಅನ್ನೋ ಹೆಸರು ಹಿಡ್ಕೊಂಡು ನಿಮ್ಮ ಯೋಚನೆಯಿಂದ ಜೀನ್ ಬದಲಾಯಿಸಿ ಅಂತ ಮಾರೋರು ತುಂಬಾ ಜನ ಇದಾರೆ. 1944-45ರ ಡಚ್ ಬರಗಾಲದ ಹೊತ್ತಲ್ಲಿ ಗರ್ಭದಲ್ಲಿದ್ದವರಲ್ಲಿ ಅರವತ್ತು ವರ್ಷದ ಮೇಲೂ ಐಜಿಎಫ್2 ಅನ್ನೋ ಜೀನಿನ ಹತ್ರ ಡಿಎನ್‌ಎ ಮೀಥೈಲ್ ಗುರುತು ಸ್ವಲ್ಪ ಕಮ್ಮಿ ಇತ್ತು ಅಂತ 2008ರಲ್ಲಿ ತೋರಿಸಿದ್ದಾರೆ, ನಿಜ. ಆದ್ರೆ ಅದು ಸಣ್ಣ ವ್ಯತ್ಯಾಸ, ಅದೂ ತಿಂಗಳುಗಟ್ಟಲೆ ಹಸಿವಿಂದ ಆಗಿದ್ದು. ಅಲ್ಲಿಂದ ವೀಕೆಂಡ್ ವರ್ಕ್‌ಶಾಪ್‌ಗೆ ಹಾರೋದು ಮೋಸ.

ಇದೆಲ್ಲಾ ಗೊತ್ತಾಗಿ ಏನು ಉಪಯೋಗ ಅಂತ ಕೇಳೋರಿಗೆ ನಾನು ತೋರಿಸೋದು ಸಿಕಲ್ ಸೆಲ್ ಚಿಕಿತ್ಸೆ. ಬೀಟಾ ಗ್ಲೋಬಿನ್ ಜೀನಲ್ಲಿ ಒಂದು ಅಕ್ಷರ ತಪ್ಪಿರೋದ್ರಿಂದ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ರಕ್ತನಾಳದಲ್ಲಿ ಸಿಕ್ಕಿಹಾಕ್ಕೊಳತ್ತೆ. ಆದ್ರೆ ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿಗೆ ತೊಂದರೆ ಇರಲ್ಲ. ನ್ಯೂಯಾರ್ಕಿನ ಮಕ್ಕಳ ಡಾಕ್ಟರ್ ಜಾನೆಟ್ ವಾಟ್ಸನ್ 1948ರಲ್ಲೇ ಇದನ್ನ ಗಮನಿಸಿದ್ರು. ಯಾಕೆ ಅಂದ್ರೆ ಗರ್ಭದಲ್ಲಿ ಓದಿಸ್ಕೊಳ್ಳೋದು ಗಾಮಾ ಗ್ಲೋಬಿನ್ ಅನ್ನೋ ಬೇರೆ ಜೀನ್, ಹುಟ್ಟಿದ್ಮೇಲೆ ನಿಧಾನಕ್ಕೆ ಅದು ನಿಂತು ಬೀಟಾ ಶುರುವಾಗತ್ತೆ. ಇವೆಲ್ಲಾ 11ನೇ ಕ್ರೋಮೋಸೋಮಲ್ಲಿ ಒಂದೇ ಸಾಲಲ್ಲಿ ಇವೆ, ಅದೂ ಬೆಳವಣಿಗೆಯಲ್ಲಿ ಯಾವುದು ಮೊದಲು ಬೇಕೋ ಅದೇ ಕ್ರಮದಲ್ಲಿ, ಸಾಲಿನ ಮುಂದೆ ಒಂದು ಭಾರಿ ಎನ್‌ಹಾನ್ಸರ್ ಗುಂಪು. ಗರ್ಭದಲ್ಲಿ ಆ ಗುಂಪು ಮಡಚ್ಕೊಂಡು ಗಾಮಾ ಹತ್ರ ಬರತ್ತೆ, ದೊಡ್ಡವರಾದ್ಮೇಲೆ ಬೀಟಾ ಹತ್ರ.

ಗಾಮಾನ ಮುಚ್ಚೋದು ಯಾರು? 2008ರಲ್ಲಿ ಸ್ಟುವರ್ಟ್ ಆರ್ಕಿನ್ ಲ್ಯಾಬ್‌ನವರು ಬಿಸಿಎಲ್11ಎ ಅನ್ನೋ ಪ್ರೋಟೀನ್ ಕಡೆ ಬೊಟ್ಟು ಮಾಡಿದ್ರು. ಹಾಗಾದ್ರೆ ಅದನ್ನೇ ಕಿತ್ತುಹಾಕಿ ಅಂತೀರಾ? ಆಗಲ್ಲ, ಅದು ಮೆದುಳಿಗೂ ಬೇಕು, ರೋಗ ತಡೆಯೋ ಬಿ ಸೆಲ್‌ಗಳಿಗೂ ಬೇಕು, ರಕ್ತದ ಸ್ಟೆಮ್ ಸೆಲ್‌ಗೂ ಬೇಕು. ಇಲ್ಲೇ ಈ ಎನ್‌ಹಾನ್ಸರ್ ಜ್ಞಾನ ಕೈಹಿಡಿದಿದ್ದು. 2013ರಲ್ಲಿ ಅವರೇ ಆ ಜೀನ್ ಒಳಗೆ ಒಂದು ಎನ್‌ಹಾನ್ಸರ್ ಹುಡುಕಿದ್ರು, ಅದು ಕೆಲಸಕ್ಕೆ ಬರೋದು ಕೆಂಪು ರಕ್ತಕಣ ಆಗೋ ಸೆಲ್‌ಗಳಲ್ಲಿ. ಅಲ್ಲಿ ಗಾಟಾ1 ಅನ್ನೋ ಫ್ಯಾಕ್ಟರ್ ಕೂರೋ ಒಂದು ಪುಟ್ಟ ಪದ ಇದೆ. ಕ್ರಿಸ್ಪರ್ ಅಂದ್ರೆ ಡಿಎನ್‌ಎನ ಬೇಕಾದ ಜಾಗದಲ್ಲೇ ಕತ್ತರಿಸೋ ಉಪಕರಣ, ಅದು ಕತ್ತರಿ ಹಾಕೋದು ಸರಿಯಾಗಿ ಆ ಪದದ ಮೇಲೆ. ಸೆಲ್ ಆ ಗಾಯ ಹೊಲಿಯುವಾಗ ಒಂದೆರಡು ಅಕ್ಷರ ಹೆಚ್ಚುಕಮ್ಮಿ ಮಾಡಿಬಿಡತ್ತೆ, ಗಾಟಾ1ಗೆ ಜಾಗ ಸಿಗಲ್ಲ, ಕೆಂಪು ಕಣದ ಸಾಲಿನಲ್ಲಿ ಮಾತ್ರ ಬಿಸಿಎಲ್11ಎ ಇಳಿದುಹೋಗತ್ತೆ, ಗಾಮಾ ಮತ್ತೆ ಓದಿಸ್ಕೊಳತ್ತೆ. ಕಾಯಿಲೆ ತಂದ ತಪ್ಪು ಅಕ್ಷರವನ್ನ ಯಾರೂ ಮುಟ್ಟಿಲ್ಲ, ಅದು ಅಲ್ಲೇ ಇದೆ. ಕ್ಯಾಸ್ಜೆವಿ ಅನ್ನೋ ಹೆಸರಲ್ಲಿ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು, ಕ್ರಿಸ್ಪರ್‌ನಿಂದ ಬಂದ ಮೊದಲ ಚಿಕಿತ್ಸೆ ಇದು.

ಸುಲಭದ್ದೇನಲ್ಲ. ರೋಗಿಯ ರಕ್ತದಿಂದ ಸ್ಟೆಮ್ ಸೆಲ್ ತೆಗೆದು ಹೊರಗಡೆ ಕತ್ತರಿಸಬೇಕು, ವಾಪಸ್ ಹಾಕೋಕೆ ಮೊದಲು ಮೂಳೆಮಜ್ಜೆಯಲ್ಲಿರೋ ಹಳೇ ಸೆಲ್‌ಗಳನ್ನ ಕೀಮೋ ಕೊಟ್ಟು ಸಾಯಿಸಬೇಕು, ವಾರಗಟ್ಟಲೆ ಆಸ್ಪತ್ರೆ, ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಆಗೋ ಸಾಧ್ಯತೆನೂ ಇದೆ. ಅದಕ್ಕೇ ಈಗ ಕೆಲವರು ಕತ್ತರಿ ಬಿಟ್ಟು, ಬಿಸಿಎಲ್11ಎ ಪ್ರೋಟೀನನ್ನೇ ಒಡೆದುಹಾಕೋ ಮಾತ್ರೆಯ ಹಿಂದೆ ಬಿದ್ದಿದ್ದಾರೆ. ಮಾತ್ರೆ ಅಂದ್ರೆ ಮೈಯೆಲ್ಲಾ ಹೋಗತ್ತಲ್ಲ, ಮೆದುಳಿನ ಮತ್ತೆ ಬಿ ಸೆಲ್‌ಗಳ ಪ್ರಶ್ನೆ ಅಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲತ್ತೆ, ಅದನ್ನ ಹೇಗೆ ನಿಭಾಯಿಸ್ತಾರೆ ಅಂತ ನಾನು ಕಾಯ್ತಾ ಇದೀನಿ.